ಸಾಸಿವೆ ಕಾಳಿನಷ್ಟು ಗಂಟು

ಪ್ಲಾಸ್ಟಿಕ್ ಸ್ಟೂಲಿನ ಕಾರ್ಖಾನೆಯಲ್ಲಿ ಅವಳು ಎಲ್ಲರಿಗೂ ಪುಡಿಯಕ್ಕ. ಹನ್ನೊಂದು ವರ್ಷದಿಂದ ಪ್ಲಾಸ್ಟಿಕ್ ಹರಳಿಗೆ ಸುಣ್ಣದ ಕಲ್ಲಿನ ಪುಡಿ ಬೆರೆಸುವುದು ಅವಳ ಕೆಲಸ. ಸಂಜೆ ಮನೆಗೆ ಹೊರಟಾಗ ಹುಬ್ಬು ಕೂಡ ಬೆಳ್ಳಗಿರುತ್ತದೆ. ಪುಡಿ ಹಾಕುವುದನ್ನು ಯಾರಾದರೂ ಕಲಬೆರಕೆ ಎಂದರೆ ಅವಳಿಗೆ ಮೂಗಿನ ತುದಿಯಲ್ಲೇ ಕೋಪ.

"ಪುಡಿ ಇಲ್ಲದ ಸ್ಟೂಲ್ ಮೇಲೆ ಕೂತು ನೋಡಿ, ಕಾಲು ಅಡ್ಡಡ್ಡ ಹೋಗುತ್ತೆ. ಪುಡಿ ಬಿದ್ರೇನೇ ಬಿಗಿ. ಜಾಸ್ತಿ ಆಯ್ತೋ, ಬಳಪದ ಹಾಗೆ ಪಟಕ್ ಅನ್ನುತ್ತೆ."

ಅಳತೆ ಸರಿಯಿದ್ದರೂ ಸಾಲದು, ಪುಡಿ ಒಣಗಿರಬೇಕು. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಸುಕುತ್ತಾಳೆ. ಕೈ ಬಿಚ್ಚಿದಾಗ ಉದುರಿದರೆ ಸರಿ. ಉಂಡೆಯಾಗಿ ಬೆರಳಚ್ಚು ಉಳಿದರೆ ತೇವ. ತೇವದ ಪುಡಿ ಹರಡದೆ ಗಂಟು ಕಟ್ಟುತ್ತದೆ. ಬಿರುಕು ಶುರುವಾಗುವುದು ಆ ಗಂಟಿನಿಂದಲೇ.

ಎರಡು ತಿಂಗಳ ಹಿಂದೆ ಅತ್ತೆ ತಮ್ಮ ಮಗಳ ಬಾಣಂತನಕ್ಕೆಂದು ನಾಲ್ಕು ದಿನ ಊರಿಗೆ ಹೋಗಿದ್ದರು. ಅದೇ ದಿನಗಳಲ್ಲಿ ಹೆರಿಗೆ ಆಸ್ಪತ್ರೆಯ ಬಚ್ಚಲುಮನೆಗಳಿಗೆ ಮುನ್ನೂರು ಸ್ಟೂಲಿನ ಕೆಲಸ. ಅವಳು ಪುಡಿ ಚೀಲ ಬಿಚ್ಚಿದ್ದಾಗ ಮನೆಯಿಂದ ಗಂಡನ ಫೋನು: ಮಗುವಿನ ಸಾಕ್ಸ್ ಎಲ್ಲಿ? ಮತ್ತೊಂದು: ಹಾಲು ಕಾಯಿಸುವ ಪಾತ್ರೆ ಯಾವುದು? ಮೂರನೆಯದು: ಹಾಲು ಉಕ್ಕಿತು, ಈಗೇನು ಮಾಡಲಿ? ಉತ್ತರ ಹೇಳುತ್ತಲೇ ಚೀಲ ಸುರಿದಳು. ಹಿಡಿ ಹಿಸುಕುವುದು ಮರೆತೇಹೋಯಿತು.

ಲೆಕ್ಕಕ್ಕಿಂತ ಹೆಚ್ಚಾಗಿ ತಯಾರಾದ ಒಂದು ಸ್ಟೂಲನ್ನು ಮ್ಯಾನೇಜರ್ ಅವಳಿಗೇ ಕೊಟ್ಟರು. ಊರಿಂದ ಬಂದ ಅತ್ತೆ ಅದರ ಮೇಲೆ ಕೂತು ಬಟ್ಟೆ ಒಗೆಯುತ್ತಿದ್ದಾಗ ಸ್ಟೂಲಿನ ಕಾಲು ಮುರಿದು ಬಿದ್ದರು.

ಅವಳು ಕೆಲಸ ಮುಗಿಸಿ ಬಂದಾಗ ಅತ್ತೆ ಸೊಂಟಕ್ಕೆ ಶಾಖ ಕೊಟ್ಟುಕೊಂಡು ಮಲಗಿದ್ದರು. ದಿಂಬಿನಡಿಯಿಂದ ಮುರಿದ ಕಾಲು ತೆಗೆದರು.

"ನಿನ್ನ ಗಂಡ ಕಸಕ್ಕೆ ಹಾಕೋಕೆ ಹೊರಟಿದ್ದ. ತಡಿ, ಅವಳು ನೋಡ್ಲಿ ಅಂದೆ."

ಮುರಿದ ಜಾಗದಲ್ಲಿ, ನೀಲಿ ಪ್ಲಾಸ್ಟಿಕ್ಕಿನ ನಡುವೆ, ಸಾಸಿವೆ ಕಾಳಿನಷ್ಟು ಬಿಳಿ ಗಂಟು. ಅವತ್ತು ಹಿಸುಕಿ ನೋಡದೆ ಸುರಿದ ಪುಡಿ ಅದು. ನಾಳೆ ಬೆಳಿಗ್ಗೆ ಮುನ್ನೂರು ಸ್ಟೂಲೂ ಲಾರಿ ಹತ್ತುತ್ತವೆ. ಸೋಮವಾರ ಅವಳನ್ನು ಮಿಶ್ರಣ ವಿಭಾಗದ ಮುಖ್ಯಸ್ಥೆ ಮಾಡುವ ಆದೇಶ ಬರುವುದಿದೆ.

"ಹೇಳಿದ್ರೆ ಇರೋ ಕೆಲಸವೂ ಹೋಗಬಹುದು, ಅತ್ತೆ."

"ನಂದು ಹಳೇ ಸೊಂಟ, ಪೆಟ್ಟು ತಿಂದು ಪಳಗಿದೆ. ಹೆತ್ತು ಮೂರು ದಿನ ಆದೋಳು ಬಿದ್ರೆ ಏನೇ ಗತಿ?"

ಬೆಳಿಗ್ಗೆ ಅವಳು ಆ ಕಾಲನ್ನು ಮ್ಯಾನೇಜರ್ ಮೇಜಿನ ಮೇಲಿಟ್ಟಳು. "ತಪ್ಪು ನಂದು ಸರ್. ಪುಡಿ ಹಿಸುಕಿ ನೋಡ್ಲಿಲ್ಲ."

"ಲಾರಿ ಬಾಗಿಲಿಗೆ ಬಂದ ಮೇಲೆ ಹೇಳ್ತೀಯಲ್ಲಮ್ಮಾ!"

ಆದರೂ ಅವರು ಐದು ಸ್ಟೂಲ್ ಸಾಲಾಗಿ ಇಡಿಸಿ ಮೇಲೆ ಮೂಟೆ ಬೀಳಿಸಿದರು. ಮೂರು ಬಿರುಕು ಬಿಟ್ಟವು. ಮ್ಯಾನೇಜರ್ ಕೂತೇಬಿಟ್ಟರು, ಅದೃಷ್ಟಕ್ಕೆ ಮರದ ಕುರ್ಚಿಯ ಮೇಲೆ.

"ಇವನ್ನೇನು ಮಾಡೋದು?"

"ಅರೆದು ಹೂಕುಂಡ ಮಾಡೋಣ ಸರ್. ಅದರ ಮೇಲೆ ಯಾರೂ ಕೂರಲ್ಲ."

ಲಾರಿ ಖಾಲಿ ಹೋಯಿತು. ಕೆಲಸ ಉಳಿಯಿತು, ಆದೇಶ ಮಾತ್ರ ಡ್ರಾಯರಿನಲ್ಲೇ ಒಂದು ತಿಂಗಳು ಮಲಗಿ, ಹೊಸ ಮುನ್ನೂರು ಸ್ಟೂಲೂ ಮೂಟೆಯ ಪೆಟ್ಟು ತಾಳಿದ ಮೇಲೆ ಅವಳ ಕೈ ಸೇರಿತು. ಈಗ ಮಿಶ್ರಣದ ಕೋಣೆಗೆ ಫೋನ್ ಒಯ್ಯುವಂತಿಲ್ಲ. ಮುಖ್ಯಸ್ಥೆಯ ಮೊದಲ ನಿಯಮ ಅದು.

ಆದೇಶ ಬಂದ ಸಂಜೆ ಹೊಸ ಸ್ಟೂಲ್ ಹಿಡಿದು ಮನೆಗೆ ಬಂದಳು. ಬಚ್ಚಲಲ್ಲಿ ಗಂಡ ಬಟ್ಟೆ ಒಗೆಯುತ್ತಿದ್ದ. ಅತ್ತೆಯ ಸೊಂಟ ವಾಸಿಯಾಗಿತ್ತು; ಅದನ್ನು ಮಗನಿಗೆ ಇನ್ನೂ ಹೇಳಿರಲಿಲ್ಲ.

"ಮೊದಲು ನೀನು ಕೂರು," ಎಂದರು ಅತ್ತೆ. "ಈ ಮನೇಲಿ ನೀನು ಕೂತಿದ್ದು ನಾನು ನೋಡೇ ಇಲ್ಲ."

"ನೀವು ಕೂತಿದ್ದು ನಾನೆಲ್ಲಿ ನೋಡಿದ್ದೀನಿ?" ಎನ್ನುತ್ತಾ ಕೂತಳು. ಸ್ಟೂಲ್ ಕದಲಲಿಲ್ಲ. "ನೀವು ಆ ಕಾಲು ಎತ್ತಿಡದೇ ಇದ್ದಿದ್ರೆ, ಅತ್ತೆ..." ಅವರ ಕೈ ಹಿಡಿದುಕೊಂಡಳು.

ಬಚ್ಚಲಿಂದ ಕೂಗು ಬಂತು: "ಸೋಪು ಎಲ್ಲಿದೆ?"

"ಹುಡುಕು!" ಎಂದರು ಅತ್ತೆ, ಕೈ ಬಿಡದೆ.