ನಮ್ಮ ಮನೆಯ ಪೊಜಿಶನ್ನು

ನಾನು ಕಲಿತ ಮೊದಲ ಇಂಗ್ಲಿಷ್ ಶಬ್ದ ಬೆಕ್ಕಿನದೂ ಅಲ್ಲ, ನಾಯಿಯದೂ ಅಲ್ಲ; ‘ಪೊಜಿಶನ್ನು’. ಆಗಿನ್ನೂ ಅ ಆ ಕೂಡ ನೆಟ್ಟಗೆ ಬಾರದವಳಿಗೆ ಇಷ್ಟು ಭಾರದ ಶಬ್ದ ಹೇಗೆ ಬಂತು ಅಂತೀರಾ? ವಳಸಂಗದ ನಮ್ಮ ಮನೆಗೆ ಅದನ್ನು ತಂದವನು ಕಾಕಾ, ಅಪ್ಪನ ತಮ್ಮ. ಸೊಲ್ಲಾಪುರದ ಕಚೇರಿಯೊಂದರಲ್ಲಿ ಕಾರಕೂನನಾಗಿದ್ದ ಅವನು, ಸಾಹೇಬರ ಬಾಯಿಂದ ಉದುರಿದ್ದನ್ನೆಲ್ಲ ಆರಿಸಿಕೊಂಡು ಬಂದು ರಜೆಯ ದಿನ ನಮಗೆ ಹಂಚುತ್ತಿದ್ದ.

ನಮ್ಮಲ್ಲಿ ಶಬ್ದಗಳಿಗೇನು ಬರವೆ? ದೇವರಿಗೆ ಸ್ಥಾನ, ಮನೆ ಕಟ್ಟಲು ಜಾಗ, ನೌಕರಿಗೆ ದರ್ಜೆ, ಬೀಗರಿಗೆ ಮಾನ ಎಂದು ಹಿರಿಯರು ಬೇರೆ ಬೇರೆಯಾಗಿಯೇ ಇಟ್ಟಿದ್ದಾರೆ. ಸಾಹೇಬರು ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿದರು. ಮೂಲೆಯ ಕಪಾಟಿಗೂ ಪೊಜಿಶನ್ನು, ಕಲೆಕ್ಟರನಿಗೂ ಪೊಜಿಶನ್ನು. ಕಾಕಾ ಇನ್ನೂ ಮುಂದೆ ಹೋದ. ಅಪ್ಪ ಬರಿಗಾಲಲ್ಲಿ ಹೊಲಕ್ಕೆ ಹೋದರೆ ಅದು ಕೆಡುತ್ತಿತ್ತು. ಅವ್ವ ಗಟ್ಟಿಯಾಗಿ ನಕ್ಕರೆ ಬೀಳುತ್ತಿತ್ತು. “ಬಿದ್ರ ಎತ್ತಿ ಇಡೂಣು ಬಿಡಪಾ” ಎಂದು ಅವ್ವ ಇನ್ನಷ್ಟು ನಗುತ್ತಿದ್ದಳು.

ನನ್ನ ಮದುವೆಯ ಮಾತು ಬಂದಾಗ ಆ ನಗು ನಿಂತಿತು. ಅಕ್ಕಲಕೋಟೆಯ ಒಂದು ಒಳ್ಳೆಯ ಸಂಬಂಧವನ್ನು, ಅಪ್ಪನನ್ನು ಜಮಖಾನದ ಅಂಚಿಗೆ ಕೂಡ್ರಿಸಿದರೆಂದು ಕಾಕಾ ಮುರಿದು ಬಂದಿದ್ದ. ಈಗ ನನ್ನನ್ನು ನೋಡಲು ಬರುವವರು ಸೊಲ್ಲಾಪುರದ ನವಿ ಪೇಠದ ಅರಿವೆ ಅಂಗಡಿಯವರು. ನನಗಿದ್ದ ಚಿಂತೆ ಒಂದೇ: ಹುಡುಗನ ಮುಖ ನೋಡಬೇಕು. ನಮ್ಮ ಪದ್ಧತಿಯಲ್ಲಿ ಹುಡುಗಿ ಮಣೆಯ ಮೇಲೆ ತಲೆ ತಗ್ಗಿಸಿ ಕೂಡುತ್ತಾಳೆ. ಕಾಣುವುದು ಬೀಗರ ಕಾಲ್ಬೆರಳು ಮಾತ್ರ. ನಮ್ಮ ಅಕ್ಕ ಗಂಡನ ಮುಖ ಕಂಡದ್ದು ಅಕ್ಷತೆ ಬಿದ್ದ ಮೇಲೆ; ಕಂಡು ಅತ್ತಿದ್ದಳು. ಕಾಲ್ಬೆರಳು ನಂಬಿ ಬಾಳುವೆ ಮಾಡಲು ನಾನಂತೂ ತಯಾರಿರಲಿಲ್ಲ.

ಗಾದಿ, ಲೋಡು ಯಾವಾಗಲೂ ಗಂಡಿನವರಿಗೆ. ಹೆಣ್ಣಿನವರು ಕೆಳಗೆ. ಕಾಕಾ ಈ ಸಲ ಪಡಸಾಲೆಯಲ್ಲಿ ಎರಡು ಗಾದಿ ಹಾಸಿಸಿದ, ಒಂದು ಅವರಿಗೆ, ಒಂದು ನಮಗೆ. “ಪೊಜಿಶನ್ ಬರೋಬ್ಬರಿ ಇರಬೇಕು” ಎಂದ. ಆದರೆ ಮರ್ಯಾದಸ್ಥರು ಕರೆದ ಕೂಡಲೇ ಮೇಲೆ ಹೋಗಿ ಕೂಡುವುದಿಲ್ಲ ಎಂಬುದನ್ನು ಕಚೇರಿಯ ಕುರ್ಚಿ ಅವನಿಗೆ ಮರೆಸಿತ್ತು.

“ಬರ್ರಿ, ಮ್ಯಾಲ ಕುಂದರ್ರಿ” ಎಂದ ಅಪ್ಪ.

“ಛೇ ಛೇ, ಹಿರ್ಯಾರು ನೀವು. ಮದ್ಲ ನೀವು ಕುಂದರ್ರಿ” ಎಂದರು ಹುಡುಗನ ತಂದೆ.

ಅಪ್ಪ ಒಂದು ಮೊಳ ಹಿಂದೆ ಸರಿದರೆ ಅವರು ಎರಡು ಮೊಳ ಸರಿದರು. ಕೈ ಹಿಡಿದು ಜಗ್ಗಾಡಿದ್ದೂ ಆಯಿತು. ಕೊನೆಗೆ ಎರಡೂ ಮನೆಯವರು ಹೊಸ್ತಿಲ ಹತ್ತಿರ ಬರಿ ನೆಲದ ಮೇಲೆ ಒತ್ತೊತ್ತಾಗಿ ಕೂತರು. ಗಾದಿಗಳೆರಡೂ ಖಾಲಿ. ಯಾರೂ ಏಳುವ ಹಾಗಿಲ್ಲ, ಮಾತು ಶುರುವಾಗುವ ಹಾಗೂ ಇಲ್ಲ. ತಲೆ ತಗ್ಗಿಸಿ ಮಣೆಯ ಮೇಲೆ ಕೂತಿದ್ದ ನನಗೆ, ಕಾಕಾ ಬುಸುಗುಡುವುದು ಕೇಳಿ, ಈ ಸಂಬಂಧವೂ ಮುರಿಯಿತೆಂದು ನಿಜವಾಗಿ ಹೆದರಿಕೆಯಾಯಿತು.

ಅಷ್ಟರಲ್ಲಿ, ಒಳಮನೆಯಲ್ಲಿ ಹೆಂಗಸರ ಜೊತೆ ಕೂತಿದ್ದ ಹುಡುಗನ ಅಜ್ಜಿ ಹೊರಗೆ ಬಂದಳು. ಮೊಣಕಾಲು ನೋವಿನ ಮುದುಕಿ. ಅವಳಿಗೆ ಉಪಚಾರದ ಪುರುಸೊತ್ತಿರಲಿಲ್ಲ.

“ಇದೇನು, ಗಾದಿ ಬಿಟ್ಟು ನೆಲಾ ಹಿಡದೀರಿ?” ಎನ್ನುತ್ತ ಹೋಗಿ ಲೋಡಿಗೆ ಒರಗಿದಳು. ಆಮೇಲೆ ಮಣೆಯ ಮೇಲಿದ್ದ ನನ್ನ ಕಡೆ ತಿರುಗಿ, “ಬಾರವಾ, ಇಲ್ಲಿ ನನ್ನ ಮಗ್ಗಲ ಕುಂದ್ರು” ಎಂದಳು.

ಹಿರಿಯರ ಮಾತು ಮೀರುವುದುಂಟೆ? ಕೂತೆ. ಅಲ್ಲಿಂದ ನೋಡಿದರೆ ಇಡೀ ಪಡಸಾಲೆ ಕಣ್ಣ ಕೆಳಗೆ. ಖಾದಿ ಟೊಪ್ಪಿಗೆಯ ಹುಡುಗ ನೆಲದ ಮೇಲೆ, ನಾಚಿಕೆಯಿಂದ ತಲೆ ತಗ್ಗಿಸಿ ಕೂತಿದ್ದ.

“ನಮ್ಮ ಹುಡುಗ ನಿನಗ ಪಸಂತ ಬಂದಾನೇನವಾ?” ಎಂದಳು ಅಜ್ಜಿ.

ಹುಡುಗಿಗೆ ಆ ಪ್ರಶ್ನೆ ಕೇಳಿದ್ದನ್ನು ನಮ್ಮ ಕೇರಿಯಲ್ಲಿ ಯಾರೂ ಕಂಡಿರಲಿಲ್ಲ. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ.

“ಮದ್ಲ ತಲಿ ಎತ್ತಂತ ಹೇಳ್ರಿ ಆಯಿ. ಮಾರಿ ಕಾಣವಲ್ದು” ಎಂದೆ.

ಹುಡುಗ, ಅಂದರೆ ನಮ್ಮವರು, ತಲೆ ಎತ್ತಿದರು. ಕಿವಿ ತುದಿಯವರೆಗೂ ಕೆಂಪಾಗಿದ್ದರು. ನಾನು ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ ಸಾವಕಾಶವಾಗಿ ನೋಡಿ ಹೂಂ ಅಂದೆ. ಹಾಗೆ ಕಣ್ಣಾರೆ ನೋಡಿ ಒಪ್ಪಿದವಳಿಗೆ ಮುಂದೆ ಜಗಳವಾದಾಗ ಅಪ್ಪನನ್ನೋ ಹಣೆಬರಹವನ್ನೋ ಬೈಯುವ ಅನುಕೂಲ ಇರುವುದಿಲ್ಲ. ನನ್ನ ಸಂಸಾರದಲ್ಲಿ ನನಗಾದ ತೊಂದರೆ ಅದೊಂದೇ.