ಒಂದಾಳು ಅಗಲದ ಕಂಡಿ

ಸಿಮೆಂಟು ಬಳಿದ ಹೊಸ ಗೋಡೆಗೆ ನೀರು ಎರಚಿದಾಗ ಒಂದು ವಾಸನೆ ಏಳುತ್ತದೆ. ಮಳೆ ಬಿದ್ದ ನೆಲದ ವಾಸನೆಯಂತಲ್ಲ ಅದು. ಸ್ವಲ್ಪ ಕಟು, ಸ್ವಲ್ಪ ತಂಪು, ನಾಲಿಗೆಗೆ ಸುಣ್ಣದ ರುಚಿ ತರುವಂಥದ್ದು. ನಂಜನಗೂಡಿನಲ್ಲಿ ಸಿಮೆಂಟು, ಟೈಲ್ಸ್ ಅಂಗಡಿ ಇಟ್ಟುಕೊಂಡು ಅರ್ಧ ಆಯುಸ್ಸು ಕಳೆದವಳು ನಾನು. ಆ ವಾಸನೆ ದಿನವೂ ಮೂಗಿಗೆ ಬಡಿಯುತ್ತದೆ, ಅದಕ್ಕಾಗಿ ವ್ಯಾಪಾರದ ಮಾತು ನಿಲ್ಲಿಸಿದವಳಲ್ಲ. ಮೊನ್ನೆ ಗಿರಾಕಿಯೊಬ್ಬರ ಕಟ್ಟಡ ನೋಡಲು ಹೋದಾಗ ಅವರ ಮೊಮ್ಮಗಳು ಚೊಂಬಿನಿಂದ ಗೋಡೆಗೆ ನೀರು ಎರಚುತ್ತಿದ್ದಳು. ನನ್ನ ಮಾತು ಅರ್ಧಕ್ಕೆ ನಿಂತಿತು. ನಾನು ರೇಟು ಇಳಿಸುವ ಯೋಚನೆಯಲ್ಲಿದ್ದೇನೆ ಎಂದು ಗಿರಾಕಿ ತಿಳಿದುಕೊಂಡರು; ಹಾಗೇ ತಿಳಿದುಕೊಳ್ಳಲಿ ಎಂದು ಬಿಟ್ಟೆ. ನಾನಾಗ ನಮ್ಮೂರು ಹೆಮ್ಮಿಗೆಯಲ್ಲಿದ್ದೆ, ನಮ್ಮ ಹಂಚಿನ ಮನೆಯ ನಡುಮನೆಯಲ್ಲಿ, ಹತ್ತು ವರ್ಷದ ಹುಡುಗಿಯಾಗಿ.

ನಮ್ಮಪ್ಪ ಮಾದಪ್ಪ ಮೇಸ್ತ್ರಿ. ಹುಟ್ಟಿದ್ದು ಬತ್ತದ ಗದ್ದೆಯ ಮನೆಯಲ್ಲಿ, ಕೈ ಹತ್ತಿದ್ದು ಗಾರೆಯ ಕರಣೆಗೆ. ಮಣ್ಣಿನ ಗೋಡೆಯ ಕಾಲದಲ್ಲಿ ಕೆಲಸ ಕಲಿತು, ಸುಣ್ಣದ ಗಾರೆ ಅರೆದು, ಸಿಮೆಂಟು ಬಂದಾಗ ಅದನ್ನೂ ಕಲಿತ. ನರಸೀಪುರದಿಂದ ಆಚೆ ದೇವನೂರಿನವರೆಗೆ ಅವನು ಎತ್ತಿದ ಗೋಡೆಗಳಿವೆ. ಮನೆ ಕಟ್ಟಿಸುವವರಿಗೆ ನಾನು ಇವತ್ತು ಹೇಳುವ ಬುದ್ಧಿಯೆಲ್ಲ ಅವನದ್ದೇ. ಇಟ್ಟಿಗೆ ಕೊಳ್ಳುವಾಗ ಎರಡನ್ನು ಒಂದಕ್ಕೊಂದು ತಟ್ಟಿ ನೋಡಿ. ಕಂಚಿನ ತಟ್ಟೆಯ ಹಾಗೆ ಸದ್ದು ಬಂದರೆ ಇಳಿಸಿಕೊಳ್ಳಿ, ಮಂಕಾಗಿ ಕೇಳಿದರೆ ಲಾರಿ ವಾಪಸು ಕಳಿಸಿ. ಕಟ್ಟುವಾಗ ಪಕ್ಕದಲ್ಲೇ ನಿಂತಿರಿ. ಮೇಲಿನ ಇಟ್ಟಿಗೆ ಕೆಳಗಿನ ಎರಡು ಇಟ್ಟಿಗೆಯ ಸಂದಿನ ಮೇಲೆ ಕೂರಬೇಕು, ಸಂದಿನ ಮೇಲೆ ಸಂದು ಬಂದರೆ ಅದು ಗೋಡೆಯಲ್ಲ. ಇಷ್ಟನ್ನು ಅಪ್ಪ ತನ್ನ ತಮ್ಮನಿಗೂ ಕಲಿಸಿದ್ದ. ನಂಜುಂಡ ಚಿಕ್ಕಪ್ಪ ಆರು ವರ್ಷ ಅಪ್ಪನ ಜೊತೆ ಗಾರೆ ಕೆಲಸ ಮಾಡಿ, ಮದುವೆಯಾದ ಮೇಲೆ ಗದ್ದೆಗೆ ಮರಳಿದವನು. ಶನಿವಾರ ಸಂಜೆ ಅಪ್ಪ ಕೆಲಸ ಮುಗಿಸಿ ರಸಬಾಳೆಯ ಚಿಪ್ಪು ಹಿಡಿದು ಬಂದರೆ ಇಡೀ ಮನೆ ಆ ಹಣ್ಣಿನ ಪರಿಮಳದಲ್ಲಿ ಮುಳುಗುತ್ತಿತ್ತು. ನಾವು ನಾಲ್ಕು ಹೆಣ್ಣುಮಕ್ಕಳು, ಚಿಕ್ಕಪ್ಪನ ಇಬ್ಬರು, ನಡುವೆ ಕಾಲು ನೀಡಿ ಕೂತ ಅಜ್ಜಿ. ಸಿಪ್ಪೆಯನ್ನು ಹಸುವಿಗೆ ಯಾರು ತಿನ್ನಿಸಬೇಕೆಂದು ನಮ್ಮಲ್ಲಿ ಜಗಳ.

ಒಲೆ ಎರಡಾದದ್ದು ಯಾಕೆ ಎಂದು ಕೇಳಿದರೆ ದೊಡ್ಡ ಕಾರಣವೇನೂ ಇಲ್ಲ. ಹೊಟ್ಟೆಗಳು ಹೆಚ್ಚಾದವು, ಇಬ್ಬರು ಹೆಂಗಸರ ಕೈ ಒಂದೇ ಪಾತ್ರೆಗೆ ಬೀಳುತ್ತಿತ್ತು. ಚಿಕ್ಕವ್ವ ಭಾಗ ಕೇಳಿದಳು. ಈಗ ಲೆಕ್ಕ ಹಾಕಿದರೆ ಅವಳು ಕೇಳಿದ್ದು ನ್ಯಾಯವೇ. ಊರಲ್ಲೆಲ್ಲ ಅಣ್ಣತಮ್ಮಂದಿರ ಭಾಗದ ಗೋಡೆ ಕಟ್ಟಿದ್ದ ಅಪ್ಪ ನಮ್ಮ ನಡುಮನೆಗೂ ತಾನೇ ದಾರ ಹಿಡಿದ. ಆದರೆ ಅಜ್ಜಿಯನ್ನು ಹೇಗೆ ಭಾಗ ಮಾಡುವುದು? ಹಿರಿಯರು ಕೂತು, ಒಂದು ತಿಂಗಳು ಅಣ್ಣನ ಮನೆ, ಒಂದು ತಿಂಗಳು ತಮ್ಮನ ಮನೆ ಎಂದರು. ಅಜ್ಜಿ ಎಲೆಯಡಿಕೆ ಉಗಿದು ಬಂದು ಹೇಳಿದಳು: “ನಾನೇನು ಎರವಲು ಮೊರವೇನ್ಲಾ, ಈ ತಿಂಗ್ಳು ಇವರ ಮನೆ ಮುಂದ್ಲ ತಿಂಗ್ಳು ಅವರ ಮನೆ ಅಂತ ಈಸ್ಕಳಕೆ?” ಅಪ್ಪ ಗೋಡೆ ಎತ್ತುತ್ತಾ ಹಿತ್ತಿಲ ಕಡೆಗೆ ಒಂದಾಳು ಅಗಲದ ಕಂಡಿ ಬಿಟ್ಟ. ಬಾಗಿಲಿಲ್ಲ, ಅಗುಳಿ ಇಲ್ಲ. ಅಜ್ಜಿ ಇರುವ ತನಕ ಅದು ಅವಳ ದಾರಿ ಎಂದು ಮಾತಾಯಿತು. ಹೆಸರಿಗೆ ಅವಳದ್ದು, ಓಡಾಡಿದವರು ಎಲ್ಲರೂ. ಅಜ್ಜಿಯ ಮಡಿಲಲ್ಲಿ ಆ ಕಡೆಯ ಪಾಲಿನ ರಸಬಾಳೆ ಹೋಗುತ್ತಿತ್ತು, ಬಟ್ಟಲಲ್ಲಿ ಚಿಕ್ಕವ್ವನ ಉಪ್ಸಾರು ಬರುತ್ತಿತ್ತು. ಸಂಜೆ ಚಿಕ್ಕಪ್ಪ ಆ ಕಂಡಿಯಲ್ಲಿ ಹೆಗಲು ಆನಿಸಿ ನಿಂತು ಬೀಡಿ ಸೇದುತ್ತಿದ್ದ. ಅಪ್ಪ ಈ ಕಡೆ ಕೂತು ಗದ್ದೆಯ ನೀರಿನ ಸರದಿ ವಿಚಾರಿಸುತ್ತಿದ್ದ. ಅವರಿಬ್ಬರಿಗೆ ಉಳಿದಿದ್ದ ಮಾತುಕತೆಯ ಜಾಗ ಅದೊಂದೇ.

ಎರಡು ವರ್ಷಕ್ಕೆ ಅಜ್ಜಿ ತೀರಿಕೊಂಡಳು. ತಿಥಿ ಮುಗಿದ ಮೇಲೆ ಚಿಕ್ಕಪ್ಪ ಬಂದು, ತಲೆ ಎತ್ತದೆ, ಕಂಡಿ ಮುಚ್ಚಬೇಕಲ್ಲ ಎಂದ. ಮರಳು ಬರಲಿ ಎಂದ ಅಪ್ಪ. ಹಿಡಿದ ಕೆಲಸ ಒಂದು ದಿನ ತಡ ಮಾಡದ ಮನುಷ್ಯ, ಹೊಳೆಯ ಪಕ್ಕದ ಊರಲ್ಲಿ ಕೂತುಕೊಂಡು ಆರು ತಿಂಗಳು ಮರಳಿಲ್ಲ ಎಂದು ಸಾಧಿಸಿದ. ಚಿಕ್ಕವ್ವ ಭಾವನ ಎದುರು ಮಾತಾಡುವವಳಲ್ಲ, ಅವ್ವನನ್ನು ಕೇಳಿದಳು, ಅಪ್ಪನಿಗೆ ಕೇಳಿಸುವ ಹಾಗೆ: “ಯಾಕಕ್ಕಾ, ಹೊಳೇಲಿ ಮರಳು ಕಾಲಿ ಆಗೋಯ್ತಂತಾ?” ಅಪ್ಪನಿಗೆ ಆ ಕಂಡಿ ಎಷ್ಟು ಬೇಕಾಗಿತ್ತು ಎಂಬುದು ಮಕ್ಕಳಾದ ನಮಗೂ ಗೊತ್ತಾಗುತ್ತಿತ್ತು. ಅದು ಮುಚ್ಚಿದರೆ ತಮ್ಮನ ಮನೆಗೆ ಬೀದಿ ಸುತ್ತಿಕೊಂಡು, ಮುಂಬಾಗಿಲಲ್ಲಿ ನಿಂತು, ಒಳಗೆ ಬರಲೇ ಎಂದು ಕೇಳಿ ಹೋಗಬೇಕಾಗುತ್ತಿತ್ತು.

ದೇವನೂರಿನಲ್ಲಿ ಒಂದು ದೊಡ್ಡ ಮನೆಯ ಕೆಲಸಕ್ಕೆ ಹೋಗಿದ್ದ ಅಪ್ಪ ಎರಡು ವಾರ ಬಿಟ್ಟು ಬಂದಾಗ ಕಂಡಿ ಇರಲಿಲ್ಲ. ಚಿಕ್ಕಪ್ಪ ತಾನೇ ಇಟ್ಟಿಗೆ ತಂದು ಮುಚ್ಚಿದ್ದ. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಇನ್ನು ಬೀದಿ ರಂಪವಾಗುತ್ತದೆ ಎಂದು ಹೆದರಿ. ಅಪ್ಪ ಚೀಲ ಕೆಳಗಿಟ್ಟು ಗೋಡೆಯ ಮೇಲೆ ಅಂಗೈ ಆಡಿಸಿದ, ಬೆರಳಿನ ಗೆಣ್ಣಿನಿಂದ ತಟ್ಟಿದ.

“ಸಂದಿನ್ ಮೇಲೇ ಸಂದು ಬಂದದೆ. ಬರೀ ಪೇರ್ಸಿಟ್ಟವ್ನೆ,” ಎಂದ. ಇನ್ನೊಮ್ಮೆ ತಟ್ಟಿ, “ಬಿದ್ರೆ ಆ ಕಡೀಕೇ ಬೀಳ್ತದೆ. ಮಗೀನ ತೊಟ್ಲು ಅಲ್ಲೇ ಕಟ್ಟವ್ರೆ,” ಎಂದ.

ಆ ತೊಟ್ಟಿಲಲ್ಲಿದ್ದವನು ಚಿಕ್ಕಪ್ಪನ ಕೊನೆಯ ಮಗ ಮಹೇಶ. ಮಾರನೆಯ ಬೆಳಿಗ್ಗೆ ಅಪ್ಪ ಮೇಲಿನಿಂದ ಒಂದೊಂದೇ ಇಟ್ಟಿಗೆ ಬಿಚ್ಚಿದ. ನಾನು ತೊಳೆದು ಜೋಡಿಸಿದೆ. ಕಂಡಿ ಮತ್ತೆ ತೆರೆಯಿತು; ಆ ಕಡೆ ಚಿಕ್ಕಪ್ಪ ಕೈಕಟ್ಟಿ ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅಷ್ಟು ಹೊತ್ತು ಯಾಕೆ ಸುಮ್ಮನಿದ್ದಾರೆ ಎಂದು ನನಗೆ ಅನ್ನಿಸಿದ್ದು ನೆನಪಿದೆ. ಆಮೇಲೆ ಅಪ್ಪ, “ಲೇ ನಂಜುಂಡ, ಕಲಸು,” ಎಂದ.

ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ ಸಿಮೆಂಟು ಕಲಸಿದ. ಹಿಂದೆ ಇಬ್ಬರೂ ಜೊತೆಯಲ್ಲಿ ಕೆಲಸ ಮಾಡುವಾಗಿನ ಹಾಗೆಯೇ, ಕೇಳುವ ಮೊದಲೇ ಗಾರೆ ತುಂಬಿದ ಬಾಂಡಲಿ ನೀಡುತ್ತಿದ್ದ. ಅಪ್ಪ ದಾರ ಕಟ್ಟಿ, ತೂಕದ ಗುಂಡು ಇಳಿಬಿಟ್ಟು ನೇರ ನೋಡಿ, ಒಂದೊಂದು ಇಟ್ಟಿಗೆಯನ್ನೂ ಕರಣೆಯ ಹಿಡಿಯಿಂದ ತಟ್ಟಿ ಕೂರಿಸಿದ. ಚಿಕ್ಕಪ್ಪನ ಮೊಣಕಾಲು ಮರೆಯಾಯಿತು, ಸೊಂಟ ಮರೆಯಾಯಿತು. ಎದೆಯ ಮಟ್ಟಕ್ಕೆ ಬಂದಾಗ ಅವನು ಬಾಂಡಲಿ ಹಿಡಿದೇ ಹೇಳಿದ: “ಅಣ್ಣ, ಉಂಡ್ಕಂಡು ಕಟ್ಟನೇಳು. ಏನವಸ್ರ?”

“ಇನ್ನೇಟದೆ. ಮುಗ್ಸಾಕ್ಬುಡನ,” ಎಂದ ಅಪ್ಪ.

ಮುಖ ಮರೆಯಾಯಿತು. ಆಮೇಲೆ ಬಾಂಡಲಿ ಹಿಡಿದ ಎರಡು ಕೈ ಮಾತ್ರ ಮೇಲೆ ಬರುತ್ತಿದ್ದವು, ಆಮೇಲೆ ಅವೂ ಇಲ್ಲ. ಆ ಕಡೆ ಗಾರೆ ಬಳಿಯಲು ಅಪ್ಪ ಕರಣೆ ಹಿಡಿದು ಬೀದಿ ಸುತ್ತಿಕೊಂಡು ಹೋದ. ಈ ಕಡೆಗೆ ಏಳು ದಿನ ಚೊಂಬಿನಲ್ಲಿ ನೀರು ಎರಚಿದವಳು ನಾನು.

ಅಪ್ಪ ಎಂಬತ್ತೆಂಟು ವರ್ಷ ಬದುಕಿದ. ನಾಲ್ಕು ಹೆಣ್ಣುಮಕ್ಕಳ ಮದುವೆಗೂ ಚಿಕ್ಕಪ್ಪ ಮುಂದೆ ನಿಂತ. ಹಬ್ಬಕ್ಕೆ ಕರೆದರು, ಕರೆದಾಗ ಬಂದರು. ಹಗೆಯೇನೂ ಇರಲಿಲ್ಲ. ಎರಡು ಮನೆ ಇದ್ದವು, ಅಷ್ಟೆ. ಭಾಗದ ಗೋಡೆ ಕಟ್ಟಲು ಯಾರು ಕರೆದರೂ ಆಮೇಲೆ ಅಪ್ಪ ಒಪ್ಪಲಿಲ್ಲ. ಚಿಕ್ಕಪ್ಪ ಮೊದಲು ಹೋದ, ಮೂರು ವರ್ಷಕ್ಕೆ ಅಪ್ಪ. ಸೂರು ಸೋರಿ ಮನೆ ಕುಸಿಯುತ್ತಾ ಬಂದಾಗ ನಾವು ಎರಡೂ ಕಡೆಯವರು ಒಪ್ಪಿ, ಗೋಡೆಗಳನ್ನು ಕೆಡವಿಸಿ, ಜಾಗ ಮಾರಲು ನಿಂತೆವು. ಖಾಲಿ ಮಾಡಿದ ನೆಲ ಅಂಗೈಯಷ್ಟು ಕಂಡಿತು. ಅಳತೆಗೆ ಟೇಪಿನ ಒಂದು ತುದಿ ಮಹೇಶ ಹಿಡಿದ, ಇನ್ನೊಂದು ನಾನು. ಆಗ ಅವನು, ಬೇರೆ ಏನನ್ನೋ ಹೇಳುವವನಂತೆ ಹೇಳಿದ:

“ಅಕ್ಕ, ನಮ್ಮಪ್ಪ ಆ ಕಂಡೀನ ಬೇಕಂತಲೇ ಕೆಟ್ಟದಾಗಿ ಮುಚ್ಚಿದ್ನಂತೆ. ನಮ್ಮವ್ವನ ಬಾಯ್ಗೆ ಮುಚ್ಚಿದಂಗೂ ಆಯ್ತದೆ, ದೊಡ್ಡಪ್ಪ ನೋಡಿದ್ರೆ ಬಿಚ್ಚಾಕ್ದೆ ಬುಡಕಿಲ್ಲ ಅಂತ. ಬಿಚ್ಚಿದ್ಮೇಲೆ ‘ಇರ್ಲಿ ಬುಡು ಇಂಗೇ’ ಅಂತಾನೆ ಅಂದ್ಕಂಡಿದ್ನಂತೆ. ದೊಡ್ಡಪ್ಪ ‘ಕಲಸು’ ಅಂದ್ಬುಟ್ಟ.”

ಆರು ವರ್ಷ ಅಪ್ಪನ ಕೈಕೆಳಗೆ ಇಟ್ಟಿಗೆ ಇಟ್ಟವನು ಸಂದಿನ ಮೇಲೆ ಸಂದು ಬಿಡುವುದು ಹೇಗೆ ಎಂದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ, ಅಪ್ಪನಿಗೂ ಹೊಳೆದಿರಲಿಕ್ಕಿಲ್ಲ. ಬೇಕಾದ್ದನ್ನು ಬಾಯಿಬಿಟ್ಟು ಕೇಳಿ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ, ನಿಮಗೂ ಹೇಳುತ್ತೇನೆ. ಅವತ್ತು ಅದನ್ನು ಹೇಳಿಸಿಕೊಳ್ಳಬೇಕಾದ ಇಬ್ಬರೂ ಅಲ್ಲಿರಲಿಲ್ಲ. ಕೊಳ್ಳುವವರು ಬೇಲಿಯ ಹೊರಗಿನಿಂದ, ಅಗಲ ಎಷ್ಟು ಬಂತಮ್ಮ ಎಂದು ಕೂಗಿ ಕೇಳಿದರು. ಟೇಪು ನೋಡಿ ಹೇಳಿದೆ, ಎರಡೂ ಕಡೆ ಸೇರಿ ಮೂವತ್ತೊಂದು ಅಡಿ.