ಗುರುಶಾಂತಮ್ಮನ ಸೊಂಟದ ಗಾಯ

ಗುರುಶಾಂತಮ್ಮನ ಸೀರೆ ಜಾರಿದ್ದನ್ನು ನಮ್ಮೂರಲ್ಲಿ ಯಾರೂ ನೋಡಿಲ್ಲ. ಕೊಬ್ಬರಿ ಗೋದಾಮಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಕ್ಕರುಗಾಲಲ್ಲಿ ಕೂತು, ಒಣಗಿದ ಕಾಯಿಯ ಚಿಪ್ಪು ಬಿಡಿಸಿ ಉಂಡೆ ಕೊಬ್ಬರಿ ತೆಗೆಯುವ ಕೆಲಸ ಅವಳದು. ಮದುವೆಯಾಗಿ ಬಂದಾಗಿನಿಂದ ಅದೇ. ಒಳಲಂಗದ ಲಾಡಿಯನ್ನು ಉಸಿರು ಹಿಡಿದು ಬಿಗಿದು, ಎಲೆಅಡಿಕೆ ಚೀಲವನ್ನು ಅಲ್ಲೇ ಸಿಕ್ಕಿಸಿ ಕೂತರೆ ಸಂಜೆ ಎದ್ದಾಗಲೂ ನೆರಿಗೆ ಇದ್ದಲ್ಲೇ ಇರುತ್ತಿತ್ತು. ಹೊಸಬರನ್ನು ಕಂಡರೆ, "ಏನ್ರೇ ಹುಡ್ಗೀರಾ, ಸೀರೆ ಉಟ್ಟಿದೀರೋ, ಸುತ್ಕೊಂಡಿದೀರೋ?" ಎಂದು ಛೇಡಿಸುತ್ತಿದ್ದಳು. ನಾನು ಪಕ್ಕದ ಮನೆಯವಳು, ಅವಳಿಗಿಂತ ಒಂದಿಷ್ಟು ದೊಡ್ಡವಳು. ಆ ಮಾತು ನನ್ನನ್ನೂ ಬಿಟ್ಟಿಲ್ಲ.

ಆ ಲಾಡಿ ಕೂರುವ ಜಾಗ ಮೊದಲು ಕಪ್ಪಾಯಿತು, ಆಮೇಲೆ ಬೆಳ್ಳಗಾಯಿತು. ತುರಿಸಿದರೆ ಹಕ್ಕಳೆ ಏಳುತ್ತಿತ್ತು. ಕೊನೆಗೆ ಬಲಗಡೆ ಒಂದು ಗಾಯ ಎದ್ದಿತು, ವರ್ಷ ತುಂಬುತ್ತಾ ಬಂದರೂ ಮಾಯಲಿಲ್ಲ. ಅಂಚು ದಪ್ಪ, ನಡುವೆ ಹಸಿ, ಮುಟ್ಟಿದರೆ ರಕ್ತ. ನನಗೆ ಇದು ಗೊತ್ತಾದದ್ದು ಹಗ್ಗದ ಮೇಲೆ ಒಣಹಾಕಿದ್ದ ಅವಳ ಲಂಗದಿಂದ. ಸೊಂಟದ ಪಟ್ಟಿಯಲ್ಲಿ, ಒಂದೇ ಕಡೆ, ಒಗೆದರೂ ಹೋಗದ ಕಲೆ.

"ಏನೇ ಇದು, ಶಾಂತಮ್ಮ?"

"ಮೆಲ್ಲಗೆ ಮಾತಾಡು ಅಕ್ಕಯ್ಯ. ಇಂಪನಾಗೆ ಗಂಡು ಗೊತ್ ಮಾಡವ್ರೆ. ಅಜ್ಜಿಗೆ ತೊನ್ನು ಅಂದ್ರೆ ನೊಣವಿನಕೆರೆಯೋರು ಸಂಬಂಧ ಬ್ಯಾಡ ಅಂತಾರೆ."

ಇಂಪನಾ ಅವಳ ಮೊಮ್ಮಗಳು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತಂತೆ. ಮಗ ರುದ್ರೇಶ್, "ಮದ್ವೆ ಒಂದು ಮುಗೀಲಿ ಬುಡವ್ವ, ಆಮೇಲೆ ದೊಡ್ಡಾಸ್ಪತ್ರೇಲಿ ತೋರ್ಸಾಣ" ಎಂದಿದ್ದನಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಹಸುವಿನ ಕೆಚ್ಚಲಿಗೆ ಗಾಯವಾದರೆ ಆ ಹೊತ್ತೇ ಡಾಕ್ಟರನ್ನು ಬೈಕಿನಲ್ಲಿ ಕೂರಿಸಿಕೊಂಡು ಬರುವ ಮಗ ಇವನು! ಹೆತ್ತವಳ ಗಾಯಕ್ಕೆ ಲಗ್ನದ ದಿನ ನೋಡುತ್ತಾನೆ.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಒಬ್ಬ ಡಾಕ್ಟರು ಅವಳಿಗೆ ಟ್ಯೂಬಿನ ಮುಲಾಮು ಬರೆದುಕೊಡುತ್ತಿದ್ದರು. ಮುಂದಿನ ಸಲ ನಾನೂ ಜೊತೆಗೆ ಹೋದೆ. ಅವರು ತಲೆ ಎತ್ತಲಿಲ್ಲ. "ಅದೇ ಕಜ್ಜಿ ತಾನೆ? ಅದೇ ಟ್ಯೂಬ್ ಹಚ್ಚಿ."

"ಗಾಯ ನೋಡ್ಲೇ ಇಲ್ವಲ್ಲ ಸ್ವಾಮಿ?"

"ಹೆಂಗಸರ ಸೊಂಟ, ಅದನ್ನೇನ್ ನೋಡೋದಜ್ಜಿ?"

"ಹಂಗಾದ್ರೆ ಕಜ್ಜಿ ಅಂತ ಹೆಂಗ್ ಗೊತ್ತಾಯ್ತು? ಕನಸಲ್ಲಿ ಕಂಡ್ರಾ?"

ಬೆಂಚಿನ ಮೇಲಿದ್ದವರು ನಕ್ಕರು. ಶಾಂತಮ್ಮ ನಾಚಿಕೆಯಿಂದ ನನ್ನ ಸೆರಗು ಜಗ್ಗಿ ಹೊರಗೆ ಎಳೆದುಕೊಂಡು ಬಂದಳು. ರಸ್ತೆಯಲ್ಲಿ ತುಮಕೂರಿನ ಬಸ್ಸು ನಿಂತಿತ್ತು.

"ಹತ್ತು" ಎಂದೆ.

"ರುದ್ರೇಶನ್ನ ಒಂದ್ ಮಾತು ಕೇಳ್ಬೇಕು..."

"ಗಾಯ ನಿಂದೋ, ರುದ್ರೇಶಂದೋ?"

ಹತ್ತಿದಳು.

ತುಮಕೂರಿನ ಚರ್ಮದ ಡಾಕ್ಟರಮ್ಮ ಪರದೆ ಎಳೆದು, ಅವಳನ್ನು ಮಲಗಿಸಿ, ಲಾಡಿ ಬಿಚ್ಚಿಸಿ, ದೀಪ ಹಿಡಿದು ನೋಡಿದರು. ತೊಡೆಸಂದಿಯಲ್ಲಿ ಗಂಟಿದೆಯೇ ಎಂದು ಒತ್ತಿ ನೋಡಿದರು. ಅಷ್ಟು ನೋಡಿದ್ದಕ್ಕೇ ಶಾಂತಮ್ಮ ಅತ್ತಳು.

"ಇದು ತೊನ್ನಲ್ಲ ಅಜ್ಜಿ. ಲಾಡಿ ಒಂದೇ ಜಾಗ ಉಜ್ಜಿ ಬಣ್ಣ ಹೋಗಿದೆ. ಬಹಳ ಜನಕ್ಕೆ ಅಲ್ಲಿಗೇ ನಿಲ್ಲುತ್ತೆ. ಆದರೆ ಮಾಯದ ಗಾಯವನ್ನ ಹೀಗೆ ಬಿಡಬಾರದಿತ್ತು. ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀನಿ."

ಪರೀಕ್ಷೆಯಲ್ಲಿ ಚರ್ಮದ ಕ್ಯಾನ್ಸರ್ ಎಂದು ಬಂತು. ತೊಡೆಸಂದಿಗೆ ಹರಡಿದಂತೆ ಕಾಣುವುದಿಲ್ಲ, ಈಗಲೇ ಕತ್ತರಿಸಿ ತೆಗೆದರೆ ವಾಸಿಯಾಗುತ್ತದೆ, ತಡ ಮಾಡಿದರೆ ಒಳಗಿಳಿಯುತ್ತದೆ ಎಂದರು. ಇಷ್ಟು ಕೇಳಿದ ಮೇಲೂ ರುದ್ರೇಶ್, "ಆಪರೇಷನ್ ಅಂದ್ರೆ ಬೀಗರ ಕಿವಿಗೆ ಬೀಳ್ತದಲ್ಲವ್ವ" ಎಂದ. ಮಗನಿಗೆ ಎದುರು ಮಾತಾಡಿ ಗೊತ್ತಿಲ್ಲದ ಶಾಂತಮ್ಮ ಅಂದು ಬಾಯಿಬಿಟ್ಟಳು.

"ಸರಿ ಕಣಪ್ಪ. ಗೋಡೆಗೆ ನನ್ನ ಫೋಟೋ ಹಾಕಿ, ಅದಕ್ಕೊಂದು ಹಾರ ಹಾಕಿ, ಮದ್ವೆ ಮಾಡು."

ಅವನೇ ಆಸ್ಪತ್ರೆಗೆ ಸೇರಿಸಿದ. ಆಪರೇಷನ್ ಆಯಿತು. ಗಾಯವನ್ನು ಸುತ್ತಲಿನ ಒಳ್ಳೆಯ ಚರ್ಮದ ಸಮೇತ ತೆಗೆದು, ತೊಡೆಯ ಚರ್ಮ ತಂದು ಹೊಲಿದರು. ತೆಗೆದ ಭಾಗದ ಅಂಚಿನಲ್ಲಿ ಕಾಯಿಲೆ ಉಳಿದಿಲ್ಲ ಎಂದು ಹೇಳಿ ಕಳಿಸಿದರು.

ಸುದ್ದಿ ತಿಳಿದು ಮದುವೆ ಹುಡುಗನ ತಂದೆತಾಯಿ ನೊಣವಿನಕೆರೆಯಿಂದ ನೋಡಲು ಬಂದರು. ರುದ್ರೇಶ್ ಆಗಲೂ, "ಏನಿಲ್ಲ, ಒಂದು ಕೊಬ್ಬಿನ ಗಡ್ಡೆ ತೆಗ್ಸಿದ್ವಿ" ಎಂದು ಸುಳ್ಳು ಶುರುಮಾಡಿದ.

"ಗಡ್ಡೆಯಲ್ಲ ಕಣಮ್ಮ, ಕ್ಯಾನ್ಸರು" ಎಂದಳು ಶಾಂತಮ್ಮ ಹುಡುಗನ ತಾಯಿಯ ಕಡೆ ತಿರುಗಿ. "ಲಾಡಿ ಕಟ್ಟೋ ಜಾಗದಲ್ಲಿ ಮೊದ್ಲು ಬೆಳ್ಳಗಾಗಿತ್ತು. ತೊನ್ನು ಅಂತ ನಿಮಗೆ ಹೇಳದೆ ಮುಚ್ಚಿಟ್ಟಿದ್ವಿ. ಬ್ಯಾಡ ಅಂತೀರೋ, ಈಗ್ಲೇ ಅಂದ್ಬುಡಿ."

ಆಕೆ ಕಾಫಿ ಲೋಟ ಕೆಳಗಿಟ್ಟರು. ರುದ್ರೇಶನ ಮುಖ ಬಿಳಿಚಿತು.

"ಒಂಚೂರು ಒಳಗೆ ಬನ್ನಿ" ಎಂದು ಹುಡುಗನ ತಾಯಿ ಶಾಂತಮ್ಮನನ್ನೂ ನನ್ನನ್ನೂ ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ತಮ್ಮ ಲಾಡಿ ಸಡಿಲಿಸಿದರು. ಸೊಂಟದ ಸುತ್ತ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟಿ.

"ನಮ್ಮ ಯಜಮಾನ್ರಿಗೂ ತೋರ್ಸಿಲ್ಲ ಕಣ್ರೀ. ಹುಡುಗನ ತಾಯಿಗೆ ತೊನ್ನು ಅಂತ ಎಲ್ಲಿ ನೀವೇ ಹೆಣ್ಣು ಕೊಡಲ್ಲ ಅಂತೀರೋ ಅಂತ..."

ಶಾಂತಮ್ಮ ಅವರನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಸುತ್ತಲೂ ನೋಡಿದಳು. ಬೆನ್ನಿನ ಕಡೆ ಒಂದು ಜಾಗ ಒರಟಾಗಿ ಹಕ್ಕಳೆ ಕಟ್ಟಿತ್ತು.

"ನನಗೂ ಹಿಂಗೇ ಇತ್ತಮ್ಮ. ನಿಮ್ದೇನು ಅಂತ ನಾವು ಹೇಳೋಕಾಗಲ್ಲ, ಡಾಕ್ಟ್ರು ನೋಡ್ಬೇಕು. ಸೋಮವಾರ ನಾನು ಹೊಲಿಗೆ ತೋರ್ಸೋಕೆ ಹೋಗ್ತೀನಿ, ಬನ್ನಿ."

ಬಾಗಿಲು ತೆಗೆದು, "ರುದ್ರೇಶ, ಸೋಮವಾರಕ್ಕೆ ಕಾರು ಹೇಳು. ನಾವಿಬ್ರೂ ತುಮಕೂರಿಗೆ ಹೋಗ್ಬೇಕು" ಎಂದಳು.

"ಇಬ್ರೂನಾ? ಯಾಕವ್ವ?"

ಉತ್ತರ ಕೊಟ್ಟವರು ಹುಡುಗನ ತಾಯಿ. ತಮ್ಮ ಗಂಡನ ಎದುರಿಗೇ ನಿಂತು ಹೇಳಿದರು.

"ಸೊಂಟ ತೋರ್ಸೋಕೆ."